ಚಾ ಕಡಿಮೆ ಮಾಡಿದವರಿಗೆ ಯಾವ ಕಷಾಯ? ಪುಂಡಿ, ರೂಯಿಬೋಸ್, ಶುಂಠಿ, ಕ್ಯಾಮೊಮೈಲ್ ಹೋಲಿಸಿ ನೋಡಿದ್ದು

ರಾಯಚೂರಿನಲ್ಲಿ ಚಾ ಬಿಡುತ್ತೇನೆ ಅನ್ನುವುದು ಸುಮ್ನೆ ಮಾತಲ್ಲ. ಮನೆಗೆ ಯಾರೇ ಬಂದರೂ ಮೊದಲು ನೀರು, ಆಮೇಲೆ ಚಾ. ಬಟ್ಟೆ ಅಂಗಡಿಗೆ ಹೋದರೆ ಸೀರೆ ಬಿಚ್ಚುವ ಮೊದಲೇ ಚಾ. ಏಪ್ರಿಲ್ ಬಿಸಿಲು 42 ಡಿಗ್ರಿ ದಾಟಿದ್ದರೂ ತೀನ್ ಕಂದೀಲ್ ಹತ್ತಿರ ನಿಂತು ಹಬೆಯಾಡುವ ಚಾ ಹೀರುವ ಜನ ನಾವು. ಒಂದು ದಿನ ಕೂತು ಲೆಕ್ಕ ಹಾಕಿದೆ. ನನ್ನದು ಏಳು ಕಪ್ ಆಗಿತ್ತು. ರಾತ್ರಿ ಒಂದು ಗಂಟೆಯಾದರೂ ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತಾ ಮಲಗುವುದು ಯಾಕೆ ಅಂತ ಆಗ ಗೊತ್ತಾಯಿತು.

ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಪೊಟ್ಟಣದ ಮೇಲೆ ದೊಡ್ಡ ತುಳಸಿ ಎಲೆಯ ಚಿತ್ರ, ಪಕ್ಕದಲ್ಲಿ 'ಹರ್ಬಲ್' ಅಂತ ಬರೆದದ್ದು ನೋಡಿ ತಂದೆ. ರಾತ್ರಿ ಊಟ ಆದ ಮೇಲೆ ಎರಡು ವಾರ ಕುಡಿದೆ. ನಿದ್ದೆ ಮತ್ತಷ್ಟು ಕೆಟ್ಟಿತು. ಪೊಟ್ಟಣ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಅದರಲ್ಲಿ ಮುಕ್ಕಾಲು ಪಾಲು ಗ್ರೀನ್ ಟೀ. ಗ್ರೀನ್ ಟೀ, ನಮ್ಮ ಕಪ್ಪು ಚಾಪುಡಿ, ಬಿಳಿ ಚಹಾ ಎಲ್ಲವೂ ಒಂದೇ ಗಿಡದ ಎಲೆ, ಕ್ಯಾಮೆಲಿಯಾ ಸೈನೆನ್ಸಿಸ್. ನಿದ್ದೆ ಕೆಡಿಸುವ ಕೆಫೀನ್ ಎಲ್ಲದರಲ್ಲೂ ಇದೆ. 'ಡಿಕ್ಯಾಫ್' (ಕೆಫೀನ್ ತೆಗೆದದ್ದು) ಅಂತ ಬರುವುದರಲ್ಲೂ ಸ್ವಲ್ಪ ಉಳಿದಿರುತ್ತದೆ. ಹುಟ್ಟಿನಿಂದಲೇ ಕೆಫೀನ್ ಇಲ್ಲದ್ದು ಬೇಕು ಅಂದರೆ ಬೇರೆ ಗಿಡದ ಎಲೆ, ಹೂ, ಬೇರಿಗೇ ಹೋಗಬೇಕು. ಅದಕ್ಕೆ ನಮ್ಮ ಭಾಷೆಯಲ್ಲಿ ಕಷಾಯ ಅನ್ನುವ ಒಳ್ಳೆಯ ಮಾತೇ ಇದೆ, ಅಲ್ವಾ?

ಮೊದಲು, ನಿಮಗೆ ಇದು ಬೇಕಾ?

ಎಲ್ಲರೂ ಚಾ ಬಿಡಬೇಕು ಅಂತ ನಾನು ಹೇಳುವುದಿಲ್ಲ. ಒಂದು ಕಪ್ ಚಹಾದಲ್ಲಿ ಸುಮಾರು 30ರಿಂದ 50 ಮಿಲಿಗ್ರಾಂ ಕೆಫೀನ್ ಇರುತ್ತದೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆ ಇಲ್ಲ ಅನ್ನುತ್ತಾರೆ. ಗರ್ಭಿಣಿಯರಿಗೆ 200. ಅಂದರೆ ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು ಕುಡಿದು ರಾತ್ರಿ ಚೆನ್ನಾಗಿ ಮಲಗುವವರು ಇದನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ತೊಂದರೆ ಬರುವುದು ಸಂಜೆಯ ಚಾದಿಂದ. ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಐದು ಗಂಟೆಯಷ್ಟು ಹಿಡಿಯುತ್ತದೆ. ಆರು ಗಂಟೆಗೆ ಕುಡಿದದ್ದು ಹನ್ನೊಂದಕ್ಕೆ ಇನ್ನೂ ಅರ್ಧ ಒಳಗೇ ಇರುತ್ತದೆ. ಎದೆ ಡವಡವ ಅನ್ನುವವರು, ಕೈ ನಡುಗುವವರು, ನಿದ್ದೆಗೆಟ್ಟವರು, ಬಸುರಿಯರು ಇಷ್ಟು ಜನ ಮಾತ್ರ ಯೋಚನೆ ಮಾಡಿದರೆ ಸಾಕು.

ಬಿಡುವುದಾದರೆ ಒಂದೇ ಏಟಿಗೆ ಬಿಡಬೇಡಿ. ನಾನು ಸೋಮವಾರ ಬಿಟ್ಟೆ, ಮಂಗಳವಾರ ತಲೆ ಸಿಡಿಯುವ ಹಾಗಾಯಿತು, ಬುಧವಾರ ಮನೆಯವರ ಮೇಲೆಲ್ಲ ಹರಿಹಾಯ್ದೆ. ಕೆಫೀನ್ ಬಿಟ್ಟ ಒಂದು ದಿನದೊಳಗೆ ತಲೆನೋವು ಶುರುವಾಗಿ, ಎರಡನೇ ದಿನದ ಹೊತ್ತಿಗೆ ಜೋರಾಗಿ, ಕೆಲವರಿಗೆ ವಾರವಿಡೀ ಕಾಡುವುದುಂಟು. ಎರಡು ದಿನಕ್ಕೊಂದು ಕಪ್ ಇಳಿಸಿದರೆ ಈ ಕಾಟ ಕಡಿಮೆ.

ಇನ್ನೊಂದು ಮಾತು. ಕಷಾಯದಿಂದ ಬರುವ ಲಾಭದಲ್ಲಿ ಅರ್ಧಕ್ಕಿಂತ ಜಾಸ್ತಿ ಕಷಾಯದ್ದಲ್ಲ, ಬಿಟ್ಟ ಸಕ್ಕರೆಯದು ಅನ್ನುವುದು ನನ್ನ ಅನಿಸಿಕೆ. ನಮ್ಮ ಕಡೆ ಕಪ್ಪಿಗೆ ಎರಡು ಚಮಚ ಅಂದರೆ ಹತ್ತತ್ತಿರ 10 ಗ್ರಾಂ ಸಕ್ಕರೆ. ಏಳು ಕಪ್ಪಿಗೆ 70 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 50 ಗ್ರಾಂ ದಾಟಬೇಡಿ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಕಷಾಯಕ್ಕೆ ಬೆಲ್ಲ ಸುರಿದರೆ ಲೆಕ್ಕ ಅಲ್ಲಿಗೇ ಬಂತು. ಬೆಲ್ಲವೂ ಸಕ್ಕರೆಯೇ. ಹಾಗಾಗಿ ಸಿಹಿ ಇಲ್ಲದೆ ಯಾವುದು ಗಂಟಲಿಗೆ ಇಳಿಯುತ್ತದೋ ಅದನ್ನೇ ಆರಿಸಿ. ನಾನು ಹೋಲಿಸುವಾಗ ಮೊದಲು ನೋಡಿದ್ದು ಇದನ್ನೇ.

ಪುಂಡಿ

ಆನ್‌ಲೈನ್‌ನಲ್ಲಿ 'ಹಿಬಿಸ್ಕಸ್ ಟೀ' ಅಂತ ಚಂದದ ಡಬ್ಬಿಯಲ್ಲಿ ಬರುತ್ತದೆ. ಕನ್ನಡದಲ್ಲಿ ದಾಸವಾಳದ ಟೀ ಅಂತ ಬರೆದಿರುತ್ತಾರೆ. ನಾನೂ ಗುಡಿಗೆ ಒಯ್ಯುವ ದಾಸವಾಳ ಅಂದುಕೊಂಡಿದ್ದೆ. ಅಲ್ಲ. ಅದು ಪುಂಡಿ! ಜೋಳದ ರೊಟ್ಟಿ ಜತೆ ಪಲ್ಯ ಮಾಡಿ ತಿನ್ನುತ್ತೇವಲ್ಲ, ಉಸ್ಮಾನಿಯಾ ತರಕಾರಿ ಮಾರ್ಕೆಟ್‌ನಲ್ಲಿ ಕಟ್ಟುಕಟ್ಟಾಗಿ ಸಿಗುತ್ತದಲ್ಲ, ಅದೇ ಪುಂಡಿ. ಪುಂಡಿಯಲ್ಲಿ ಎರಡು ಬಗೆ. ಅದರಲ್ಲಿ ಹೂವು ಉದುರಿದ ಮೇಲೆ ಕಾಯಿಯ ಸುತ್ತ ಕೆಂಪು ಸಿಪ್ಪೆ ದಪ್ಪಗೆ ರಸವತ್ತಾಗಿ ಬೆಳೆಯುವ ಬಗೆಯನ್ನು ಜಗತ್ತೆಲ್ಲ ಒಣಗಿಸಿ ಕುಡಿಯುತ್ತದೆ. ಈಜಿಪ್ಟ್‌ನಲ್ಲಿ ಅದು ಕರ್ಕದೆ, ಸೆನೆಗಲ್‌ನಲ್ಲಿ ಬಿಸಾಪ್. ನಾವು ಎಲೆ ತಿಂದು, ನಾರಿನಿಂದ ಹಗ್ಗ ಹೊಸೆದು, ಆ ಕೆಂಪು ಸಿಪ್ಪೆಯನ್ನು ಹೊಲದ ಬದುವಿನಲ್ಲೇ ಬಿಟ್ಟು ಬರುತ್ತೇವೆ.

ನಮ್ಮ ಅತ್ತೆಯವರ ತವರು ಮಾನ್ವಿ ಕಡೆ. ಚಳಿ ಶುರುವಾದಾಗ ಅಲ್ಲಿಂದ ಒಂದು ಚೀಲ ಕಾಯಿ ತರಿಸಿದೆ. ಸಿಪ್ಪೆ ಬಿಡಿಸುವಾಗ ಹುಷಾರು, ಒಳಗಿನ ಕಾಯಿಯ ಮೇಲೆ ಕಣ್ಣಿಗೆ ಕಾಣದಂಥ ಸಣ್ಣ ಮುಳ್ಳಿರುತ್ತವೆ. ಎರಡು ದಿನ ಬೆರಳು ಚುರುಚುರು ಅಂದವು. ಮಾಳಿಗೆ ಮೇಲೆ ಹಳೆಯ ಪಂಚೆ ಹಾಸಿ, ಮೇಲೊಂದು ತೆಳು ಬಟ್ಟೆ ಹೊದಿಸಿ ಒಣಗಿಸಿದೆ. ಐದನೇ ದಿನಕ್ಕೆ ಮುರಿದರೆ ಟಕ್ ಅನ್ನುವ ಹಾಗಾದವು. ದೊಡ್ಡ ಚೀಲ ಒಣಗಿ ಒಂದು ಗಾಜಿನ ಬಾಟಲಿಗೆ ಇಳಿಯಿತು.

ಮೊದಲ ಸಲ ಮಾಡಿದಾಗ ಬೋರಿನ ನೀರು ಕಾಯಿಸಿ, ಎರಡೇ ಎರಡು ಸಿಪ್ಪೆ ಹಾಕಿದ್ದೆ. ಬಣ್ಣ ಕೆಂಪಾಗಲಿಲ್ಲ, ಮಂಕಾದ ನೇರಳೆ. ಅತ್ತೆ ಲೋಟ ಮೂಗಿನ ಹತ್ತಿರ ಹಿಡಿದು, "ಏನವಾ ಇದು, ಪುಂಡಿಪಲ್ಯ ಬಸಿದ ನೀರ ಕುಡಸ್ತಿ ಏನು?" ಅಂದರು. "ಒಮ್ಮಿ ಕುಡದು ನೋಡ್ರಿ ಅತ್ತಿ" ಅಂದೆ. ಕುಡಿಯಲಿಲ್ಲ. ಸವಳು ನೀರಿನಲ್ಲಿರುವ ಕ್ಷಾರ ಪುಂಡಿಯ ಕೆಂಪನ್ನು ನೇರಳೆಗೆ ತಿರುಗಿಸುತ್ತದೆ. ನಾಲ್ಕು ಹನಿ ನಿಂಬೆಹಣ್ಣು ಹಿಂಡಿದೆ ನೋಡಿ, ಲೋಟದಲ್ಲೇ ಕೆಂಪಗೆ ತಿರುಗಿತು. ಅದನ್ನು ನೋಡಿದ ಮೇಲೆ ಅತ್ತೆ ಕುಡಿದರು. ಈಗ ಫಿಲ್ಟರ್ ನೀರಿನಲ್ಲೇ ಮಾಡುತ್ತೇನೆ. ದೊಡ್ಡ ಲೋಟ ಕುದಿನೀರಿಗೆ ಮೂರ್ನಾಲ್ಕು ಒಣ ಸಿಪ್ಪೆ, ಆರು ನಿಮಿಷ ಮುಚ್ಚಿಡುವುದು. ಅಲ್ಯೂಮಿನಿಯಂ ಪಾತ್ರೆ, ಕಲಾಯಿ ಇಲ್ಲದ ಹಿತ್ತಾಳೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಸ್ಟೀಲು ಸರಿ.

ಲಾಭದ ಮಾತಿಗೆ ಬಂದರೆ, ಈ ಪಟ್ಟಿಯಲ್ಲಿ ಚೆನ್ನಾಗಿ ಪರೀಕ್ಷೆಗೆ ಒಳಗಾದವುಗಳಲ್ಲಿ ನಮ್ಮ ಬದುವಿನ ಪುಂಡಿಯೂ ಒಂದು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಪಿ ಸ್ವಲ್ಪ ಏರಿದ್ದ 65 ಜನ ಇದ್ದರು. ಅರ್ಧ ಜನಕ್ಕೆ ದಿನಕ್ಕೆ ಮೂರು ಲೋಟ ಈ ಕಷಾಯ, ಉಳಿದವರಿಗೆ ಅದೇ ಬಣ್ಣ ರುಚಿಯ ಬೇರೆ ಪಾನೀಯ. ಆರು ವಾರದ ಮೇಲೆ ಕಷಾಯ ಕುಡಿದವರ ಮೇಲಿನ ಬಿಪಿ ಸರಾಸರಿ 7ರಷ್ಟು ಇಳಿದಿತ್ತು, ಇನ್ನೊಂದು ಗುಂಪಿನದು 1ರಷ್ಟು. ಗುಳಿಗೆ ಬಿಡುವಷ್ಟು ದೊಡ್ಡ ಇಳಿತ ಇದಲ್ಲ. ಆದರೆ ಸುಮ್ನೆ ತಳ್ಳಿಹಾಕುವಂಥದ್ದೂ ಅಲ್ಲ.

ಎಚ್ಚರ ಬೇಕಾದದ್ದೂ ಇದೇ ಕಾರಣಕ್ಕೆ. ಬಿಪಿ ಗುಳಿಗೆ ತಗೊಳ್ಳುವವರು ಇದನ್ನು ದಿನಾ ಕುಡಿದರೆ ಬಿಪಿ ಬೇಕಾದ್ದಕ್ಕಿಂತ ಕೆಳಗೆ ಹೋಗಬಹುದು, ಕೂತು ಎದ್ದಾಗ ಕಣ್ಣು ಕತ್ತಲೆ ಬರಬಹುದು. ಅತ್ತೆಗೆ ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಿದೆ. ದಿನಕ್ಕೊಂದು ಲೋಟ ಕೊಡಿ, ವಾರಕ್ಕೊಮ್ಮೆ ಬಿಪಿ ನೋಡಿ ಅಂದರು. ಬಸುರಿಯರಿಗೆ ಬೇಡ. ಹುಳಿ ಜಾಸ್ತಿ ಇರುವುದರಿಂದ ಗ್ಯಾಸ್ಟ್ರಿಕ್ ಇದ್ದವರಿಗೆ ಎದೆ ಉರಿಯುತ್ತದೆ, ನಮ್ಮ ಮಾವನಿಗೆ ಮೊದಲ ದಿನವೇ ಉರಿಯಿತು. ಕುಡಿದ ಮೇಲೆ ಬಾಯಿ ಮುಕ್ಕಳಿಸಿ, ಹಲ್ಲಿಗೆ ಒಳ್ಳೆಯದು.

ಬೇಸಿಗೆಗೆ ಇದನ್ನು ಮೀರಿಸುವುದು ಇಲ್ಲ. ಮಾಡಿ ತಣಿಸಿ ಮಡಕೆಯ ಪಕ್ಕ ಇಟ್ಟರೆ ಮಧ್ಯಾಹ್ನದ ಚಾ ಯಾರಿಗೂ ನೆನಪಾಗುವುದಿಲ್ಲ.

ರೂಯಿಬೋಸ್

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಉತ್ತರಕ್ಕೆ ಸೆಡರ್‌ಬರ್ಗ್ ಅನ್ನುವ ಬೆಟ್ಟಸಾಲು ಇದೆ. ಅದರ ಸುತ್ತಮುತ್ತ ಬೆಳೆಯುವ ಪೊದೆಯ ಸೂಜಿಯಂಥ ಎಲೆ ಇದು. ಹೆಸರಿನ ಅರ್ಥ 'ಕೆಂಪು ಪೊದೆ'. ಕತ್ತರಿಸಿ, ಜಜ್ಜಿ, ರಾಶಿ ಹಾಕಿ ಗಾಳಿಗೆ ಬಿಟ್ಟಾಗ ಹಸಿರೆಲೆ ಕೆಂಪಾಗುತ್ತದೆ. ಕೆಫೀನ್ ಇಲ್ಲ, ಚಾದಲ್ಲಿ ಒಗರು ಬರಿಸುವ ಟ್ಯಾನಿನ್ ಕೂಡ ಕಡಿಮೆ.

ಇದರ ದೊಡ್ಡ ಗುಣ ಏನು ಗೊತ್ತಾ? ಹಾಲು ಹಿಡಿಯುತ್ತದೆ. ಉಳಿದ ಕೆಲವು ಕಷಾಯಕ್ಕೆ ಹಾಲು ಹಾಕಿದರೆ ಒಂದೋ ಒಡೆಯುತ್ತದೆ, ಇಲ್ಲವೇ ರುಚಿ ಕೆಡುತ್ತದೆ. ಪುಂಡಿಗಂತೂ ಹಾಕಿದರೆ ಮೊಸರೇ. ರೂಯಿಬೋಸ್‌ಗೆ ಹಾಲು, ಏಲಕ್ಕಿ ಹಾಕಿ ಕುದಿಸಿದರೆ ಕಣ್ಣು ಮುಚ್ಚಿ ಕುಡಿದವರು ಚಾ ಅನ್ನುತ್ತಾರೆ. ನನ್ನ ಮನೆಯವರು ಮೂರು ದಿನ ಚಾ ಅಂತಲೇ ಕುಡಿದರು. ಹಾಲಿನ ಚಾದ ಚಟ ಬಿಡಿಸುವುದೇ ಗುರಿ ಆದರೆ ಇದಕ್ಕೆ ಸಾಟಿ ಇಲ್ಲ.

ಆರೋಗ್ಯದ ಲಾಭ ಅಂತ ಪೊಟ್ಟಣದ ಮೇಲೆ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಇಲಿಗಳ ಮೇಲೆ, ಗಾಜಿನ ತಟ್ಟೆಯಲ್ಲಿ ಮಾಡಿ ನೋಡಿದ್ದು. ಮನುಷ್ಯರ ಮೇಲೆ 2011ರಲ್ಲಿ ಒಂದು ಅಧ್ಯಯನ ಬಂತು. ಹೃದಯದ ಕಾಯಿಲೆ ಬರುವ ಸಾಧ್ಯತೆ ಇದ್ದ 40 ಜನ ದಿನಕ್ಕೆ ಆರು ಕಪ್‌ನಂತೆ ಆರು ವಾರ ಕುಡಿದಾಗ ಕೆಟ್ಟ ಕೊಲೆಸ್ಟ್ರಾಲ್ ಇಳಿದು ಒಳ್ಳೆಯದು ಏರಿತ್ತು. ಸಣ್ಣ ಅಧ್ಯಯನ, ಆರು ಕಪ್ ಅಂದರೆ ಕಮ್ಮಿಯೂ ಅಲ್ಲ. ದುಡ್ಡಿನ ಮಾತು ಬೇರೆ. ನಾನು 100 ಗ್ರಾಂ ಪೊಟ್ಟಣಕ್ಕೆ ಕೊಟ್ಟ ದುಡ್ಡಿನಲ್ಲಿ ಮನೆಗೆಲ್ಲ ಒಂದು ತಿಂಗಳ ಚಾಪುಡಿ ಬರುತ್ತಿತ್ತು. ಇಲ್ಲಿನ ಅಂಗಡಿಯಲ್ಲಿ ನನಗೆ ಸಿಗಲಿಲ್ಲ, ಆನ್‌ಲೈನ್‌ನಲ್ಲೇ ತರಿಸಿದೆ.

ಶುಂಠಿ, ಜೀರಿಗೆ, ಹವೀಜ (ಕೊತ್ತಂಬರಿ ಬೀಜ)

ಇವನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಿಲ್ಲ. ಶುಂಠಿಯ ಲಾಭಗಳಲ್ಲಿ ಗಟ್ಟಿಯಾಗಿ ನಿಲ್ಲುವುದು ಒಂದು: ವಾಕರಿಕೆ. ಅದರಲ್ಲೂ ಬಸುರಿಯರ ವಾಕರಿಕೆ. ಅಧ್ಯಯನಗಳಲ್ಲಿ ದಿನಕ್ಕೆ ಸುಮಾರು 1 ಗ್ರಾಂ ಒಣಶುಂಠಿ ಪುಡಿ ಕೊಟ್ಟು ನೋಡಿದ್ದಾರೆ. ಅಂದರೆ ಅರ್ಧ ಸಣ್ಣ ಚಮಚದಷ್ಟು, ಅದಕ್ಕಿಂತ ಜಾಸ್ತಿ ಬೇಕಿಲ್ಲ. ರಕ್ತ ತೆಳುವಾಗುವ ಗುಳಿಗೆ ನುಂಗುವವರು ಅಡುಗೆಗೆ ಹಾಕಿದಷ್ಟಕ್ಕೆ ನಿಲ್ಲಿಸಿ, ಜಾಸ್ತಿ ಬೇಕಾದರೆ ಡಾಕ್ಟರನ್ನು ಕೇಳಿ.

ಜೀರಿಗೆ, ಹವೀಜ ಹುರಿದು ಕುಟ್ಟಿದ ಕಷಾಯ ಮಾವನಿಗೆ ಒಗ್ಗಿತು. ಪುಂಡಿ ಉರಿಸಿತ್ತು, ಶುಂಠಿಯೂ ಉರಿಸಿತು, ಇದು ಉರಿಸಲಿಲ್ಲ. ದೊಡ್ಡ ಅಧ್ಯಯನ ಹುಡುಕಿದರೆ ಸಿಗುವುದಿಲ್ಲ. ಹೊಟ್ಟೆಗೆ ಹಿತ, ಖರ್ಚಿಲ್ಲ, ಸಿಹಿ ಕೇಳುವುದಿಲ್ಲ. ನನಗೆ ಅಷ್ಟು ಸಾಕು.

ತುಳಸಿ? ಮನಸ್ಸಿನ ಒತ್ತಡ, ಸಕ್ಕರೆ ಕಾಯಿಲೆ ಬಗ್ಗೆ ಸಣ್ಣಪುಟ್ಟ ಅಧ್ಯಯನಗಳು ಇವೆ. ಶುಗರ್ ಗುಳಿಗೆ ತಗೊಳ್ಳುವವರು ಗ್ಲಾಸುಗಟ್ಟಲೆ ಕುಡಿಯಬಾರದು, ಸಕ್ಕರೆ ಇಳಿದು ಸುಸ್ತಾಗಬಹುದು.

ಕ್ಯಾಮೊಮೈಲ್ ಮತ್ತು ಪುದೀನ

ನಿದ್ದೆಗೆ ಕ್ಯಾಮೊಮೈಲ್ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಒಣ ಹುಲ್ಲು, ಸೇಬು ಸೇರಿಸಿದಂಥ ವಾಸನೆ. ನಿದ್ದೆ ಬರುತ್ತದೆ ಅನ್ನುವುದಕ್ಕೆ ಸಾಕ್ಷಿ ಅಷ್ಟಕ್ಕಷ್ಟೇ. ನನಗೆ ನಿದ್ದೆ ಬಂತು, ಆದರೆ ಅಷ್ಟರಲ್ಲಿ ಸಂಜೆಯ ಚಾ ಬಿಟ್ಟು ಹದಿನೈದು ದಿನ ಆಗಿತ್ತಲ್ಲ, ಯಾವುದರಿಂದ ಬಂತು ಅಂತ ಹೇಗೆ ಹೇಳಲಿ?

ಆದರೆ ನಮ್ಮ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ಕ್ಯಾಮೊಮೈಲ್ ಸೇವಂತಿಗೆಯ ಕುಟುಂಬದ ಹೂ. ಅದೇ ಕುಟುಂಬದ್ದು ಪಾರ್ಥೇನಿಯಂ, ನಾವು ಕಾಂಗ್ರೆಸ್ ಕಸ ಅನ್ನುತ್ತೇವಲ್ಲ ಅದು. ಹೊಲದಲ್ಲಿ ಆ ಕಸ ಕಿತ್ತರೆ ಕೈ ತುರಿಸುವವರು, ಅದು ಹೂ ಬಿಟ್ಟಾಗ ಸೀನು ನಿಲ್ಲದವರು ಕ್ಯಾಮೊಮೈಲ್ ತಂಟೆಗೆ ಹೋಗದಿರುವುದೇ ಒಳ್ಳೆಯದು. ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದೂ ಆಗಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ಗುಳಿಗೆ ನುಂಗುವವರಿಗೂ ಇದು ಬೇಡ.

ಪುದೀನ ಹೊಟ್ಟೆಗೆ ತಂಪು ಅನ್ನುವುದು ಅರ್ಧ ನಿಜ. ಕರುಳಿನ ಹಿಡಿತಕ್ಕೆ ಒಳ್ಳೆಯದು ಅಂತ ಪರೀಕ್ಷೆ ಆದದ್ದು ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್. ಮಾರ್ಕೆಟ್‌ನ ನಮ್ಮ ಪುದೀನ ಹೆಚ್ಚಾಗಿ ಬೇರೆ ಜಾತಿ, ಅದು ಸ್ಪಿಯರ್‌ಮಿಂಟ್. ಪೆಪ್ಪರ್‌ಮಿಂಟ್ ಅಂತೂ ಅನ್ನನಾಳದ ಕೆಳಗಿನ ಬಾಯಿಯನ್ನು ಸಡಿಲ ಮಾಡುತ್ತದೆ, ಹುಳಿ ಮೇಲೆ ಬರುತ್ತದೆ. ಸಂಜೆ ಮಂಡಕ್ಕಿ ಒಗ್ಗರಣೆ, ನಾಲ್ಕು ಮಿರ್ಚಿ ತಿಂದು ಮೇಲೆ ಪೆಪ್ಪರ್‌ಮಿಂಟ್ ಟೀ ಕುಡಿದರೆ ರಾತ್ರಿಯೆಲ್ಲ ದಿಂಬು ಎತ್ತರಿಸಿಕೊಂಡು ಕೂರಬೇಕಾಗುತ್ತದೆ.

ರಕ್ತ ಕಡಿಮೆ ಇದ್ದವರು ಇದನ್ನು ಓದಿ

ಊಟದ ಜತೆ ಚಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ ಅಂತ ಅಂಗನವಾಡಿಯವರೂ ಹೇಳುತ್ತಾರೆ. ಕಷಾಯಕ್ಕೆ ಬದಲಾಯಿಸಿದರೆ ಆ ಚಿಂತೆ ತೀರಿತು ಅಂತ ನಾನೂ ತಿಳಿದಿದ್ದೆ. ಹಾಗಿಲ್ಲ. ಕಬ್ಬಿಣ ಹಿಡಿದಿಡುವುದು ಕೆಫೀನ್ ಅಲ್ಲ, ಟ್ಯಾನಿನ್‌ನಂಥ ಪಾಲಿಫಿನಾಲ್‌ಗಳು. 1999ರ ಒಂದು ಅಧ್ಯಯನದಲ್ಲಿ ಬ್ರೆಡ್ ಊಟದ ಜತೆ ಬೇರೆ ಬೇರೆ ಪಾನೀಯ ಕೊಟ್ಟು ಅಳೆದರು. ಕಪ್ಪು ಚಹಾ ಕಬ್ಬಿಣ ಹೀರುವುದನ್ನು ಶೇ 79ರಿಂದ 94ರಷ್ಟು ತಗ್ಗಿಸಿತು. ಪೆಪ್ಪರ್‌ಮಿಂಟ್ ಶೇ 84. ಕ್ಯಾಮೊಮೈಲ್ ಶೇ 47. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಆದ್ದರಿಂದ ಚಾ ಇರಲಿ, ಕಷಾಯ ಇರಲಿ, ಊಟ ಮತ್ತು ಐರನ್ ಗುಳಿಗೆಯಿಂದ ಒಂದು ಗಂಟೆಯಾದರೂ ದೂರ ಇಡಿ.

ಫ್ಲೋರೈಡ್ ವಿಷಯ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರಿನ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವಷ್ಟು ಫ್ಲೋರೈಡ್ ಇದೆ. ಚಹಾ ಗಿಡ ಮಣ್ಣಿನಿಂದ ಫ್ಲೋರೈಡ್ ಎಳೆದು ಎಲೆಯಲ್ಲಿ ತುಂಬಿಕೊಳ್ಳುವ ಜಾತಿ. ಬೋರಿನ ನೀರು, ಅದರ ಮೇಲೆ ಚಾಪುಡಿ, ಅದರ ಮೇಲೆ ಹತ್ತು ನಿಮಿಷ ಕುದಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಗಟ್ಟಿಯಾಗುತ್ತದೆ. ಅಂಥ ಊರಿನವರು ಚಾ ಕಡಿಮೆ ಮಾಡಿದರೆ ಅಷ್ಟರಮಟ್ಟಿಗೆ ಒಳ್ಳೆಯದು, ಆದರೆ ಕಷಾಯವನ್ನೂ ಶುದ್ಧ ಕುಡಿಯುವ ನೀರಿನ ಘಟಕದ ನೀರಿನಲ್ಲೇ ಮಾಡಬೇಕು.

ಪೊಟ್ಟಣ ಕೊಳ್ಳುವಾಗ 'ಜ್ಯೇಷ್ಠಮಧು' ಅಥವಾ 'ಮುಲೇಠಿ' ಇದೆಯಾ ನೋಡಿ. ಸಿಹಿ ಬರಲಿ ಅಂತ ಎಷ್ಟೋ ಕಷಾಯದ ಪುಡಿಗೆ ಸೇರಿಸುತ್ತಾರೆ. ದಿನಾ ಕುಡಿದರೆ ಅದು ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಬಿಪಿ ಇಳಿಯಲಿ ಅಂತ ತಂದ ಪುಡಿಯೇ ಏರಿಸಿದರೆ ಯಾರಿಗೆ ಹೇಳುವುದು?

ನಮ್ಮ ಮನೆಯಲ್ಲಿ ಕೊನೆಗೆ ನಿಂತದ್ದು

ಅತ್ತೆಗೆ ಬೆಳಗಿನ ಚಾ ಇದೆ, ಅದನ್ನು ಬಿಡಿಸಲು ನಾನು ಹೋಗಲಿಲ್ಲ. ಮಧ್ಯಾಹ್ನ ಮೂರಕ್ಕೆ ಒಂದು ಲೋಟ ಪುಂಡಿ. ಮಾವನಿಗೆ ಜೀರಿಗೆ-ಹವೀಜ. ಮನೆಯವರಿಗೆ ಸಂಜೆ ಹಾಲು ಹಾಕಿದ ರೂಯಿಬೋಸ್, ಪೊಟ್ಟಣ ಮುಗಿದರೆ ಮತ್ತೆ ತರಿಸುವುದೋ ಇಲ್ಲವೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ನಾನು ಏಳರಿಂದ ಎರಡಕ್ಕೆ ಇಳಿದಿದ್ದೇನೆ, ಎರಡೂ ಹನ್ನೆರಡು ಗಂಟೆಯ ಒಳಗೆ.

ತಂಗಿಗೆ ಈಗ ಐದು ತಿಂಗಳು. "ಅಕ್ಕಾ, ನನಗೂ ಆ ಕೆಂಪು ನೀರ ಕಳಸು" ಅಂತ ಫೋನ್ ಮಾಡಿದಳು. ಬೇಡ ಅಂದೆ. ಬಸಿರಲ್ಲಿ ಗೊತ್ತಿಲ್ಲದ ಗಿಡಮೂಲಿಕೆಯ ಮಿಶ್ರಣ ಮೂರು ಲೋಟ ಕುಡಿಯುವುದಕ್ಕಿಂತ ಎರಡು ಕಪ್ ಮಾಮೂಲಿ ಚಾ ಎಷ್ಟೋ ವಾಸಿ. ವಾಕರಿಕೆ ಬಂದರೆ ಶುಂಠಿ, ಅದೂ ಅವಳ ಡಾಕ್ಟರನ್ನು ಕೇಳಿ. ಪುಂಡಿ ಬೇಕಾದರೆ ಮೊದಲು ಹೆರಿಗೆ ಆಗಲಿ ಅಂದೆ. ಮುನಿಸಿಕೊಂಡಳು.

ಬಾಟಲಿ ಅರ್ಧಕ್ಕೆ ಬಂದಿದೆ. ಬಿಡಿಸಿದ ಕಾಯಿಗಳ ಬೀಜ ಅತ್ತೆ ಒಂದು ಹಳೆಯ ಔಷಧಿ ಡಬ್ಬಿಯಲ್ಲಿ ಬೂದಿ ಬೆರೆಸಿ ಎತ್ತಿಟ್ಟಿದ್ದಾರೆ. ಮಳೆ ಬಿದ್ದ ಮೇಲೆ ಹಿತ್ತಲ ಗೋಡೆಗುಂಟ ಹಾಕಬೇಕು.